‘ಅಲೌ’ ಒತ್ತುವ ಮುನ್ನ: ನಿಮ್ಮ ಮೊಬೈಲ್‌ನಲ್ಲಿ ಬೀಗ ಯಾವುದಕ್ಕೆ, ಕೀ ಯಾರ ಕೈಲಿ?

ಉದ್ರಿ ಲೆಕ್ಕಕ್ಕೆ ಒಂದು ಆ್ಯಪ್, ಯುಪಿಐಗೆ ಒಂದು, ಸಾಲಕ್ಕೆ ಇನ್ನೊಂದು. ಹೊಸದು ಹಾಕಿದಾಗಲೆಲ್ಲ ಕ್ಯಾಮೆರಾ ಬೇಕು, ಕಾಂಟ್ಯಾಕ್ಟ್ ಬೇಕು, ಲೊಕೇಶನ್ ಬೇಕು ಅಂತ ಫೋನ್ ಕೇಳುತ್ತೆ. ಗಿರಾಕಿ ಎದುರಿಗೆ ನಿಂತಿರುವಾಗ ಓದೋಕೆ ಪುರುಸೊತ್ತೆಲ್ಲಿ? ‘ಅಲೌ’ ಒತ್ತಿ ಮುಂದೆ ಹೋಗ್ತೀವಿ. ಹಾಗೆ ಒತ್ತಿದಾಗ ಏನೇನು ಬಿಟ್ಟುಕೊಡ್ತೀವಿ ಅನ್ನೋ ಮಾಹಿತಿ ಇಲ್ಲಿದೆ.

ಮೂರು ಬಗೆಯ ಅನುಮತಿ

ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ಗಳಿಗೆ ಸಿಗುವ ಅನುಮತಿಯನ್ನು ಹೀಗೆ ವಿಂಗಡಿಸಬಹುದು:

1. ಕೇಳದೇ ಸಿಗುವುದು: ಇಂಟರ್ನೆಟ್ ಬಳಕೆ, ವೈಬ್ರೇಶನ್ ಇತ್ಯಾದಿ.

2. ನಿಮ್ಮನ್ನು ಕೇಳಿಯೇ ಸಿಗಬೇಕಾದದ್ದು: ಕಾಂಟ್ಯಾಕ್ಟ್, ಎಸ್ಸೆಮ್ಮೆಸ್, ಕಾಲ್ ಲಾಗ್, ಕ್ಯಾಮೆರಾ, ಮೈಕ್, ಲೊಕೇಶನ್, ಫೋಟೊ, ಕ್ಯಾಲೆಂಡರ್.

3. ಸೆಟ್ಟಿಂಗ್ಸ್ ಒಳಗೆ ಹೋಗಿ ಕೊಡಬೇಕಾದದ್ದು: ಆ್ಯಕ್ಸೆಸಿಬಿಲಿಟಿ, ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವುದು, ಹೊರಗಿನ ಆ್ಯಪ್ ಇನ್‌ಸ್ಟಾಲ್ ಮಾಡುವುದು.

2015ರಲ್ಲಿ ಬಂದ ಆಂಡ್ರಾಯ್ಡ್ 6ಕ್ಕಿಂತ ಮೊದಲು ಇನ್‌ಸ್ಟಾಲ್ ಮಾಡುವಾಗಲೇ ಎಲ್ಲದಕ್ಕೂ ಒಟ್ಟಿಗೆ ಒಪ್ಪಬೇಕಿತ್ತು. ಈಗ ಒಂದೊಂದಕ್ಕೂ ಬೇರೆ ಬೇರೆ ಹೌದು, ಬೇಡ ಅನ್ನಬಹುದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಂಟರ್ನೆಟ್‌ಗೆ ಅನುಮತಿ ಕೇಳುವುದಿಲ್ಲ. ಹಾಗಾಗಿ ಒಮ್ಮೆ ಕಾಂಟ್ಯಾಕ್ಟ್ ಕೊಟ್ಟರೆ, ಆ್ಯಪ್ ಅದನ್ನು ತನ್ನ ಸರ್ವರ್‌ಗೆ ಕಳಿಸುವಾಗ ಫೋನ್ ನಿಮ್ಮನ್ನು ಮತ್ತೆ ಕೇಳಲ್ಲ. ಆಮೇಲೆ ಅನುಮತಿ ತೆಗೆದರೂ ಆಗಲೇ ಹೋದದ್ದು ವಾಪಸ್ ಬರಲ್ಲ. ಅಂಗಡಿಯವರ ಕಾಂಟ್ಯಾಕ್ಟ್ ಪಟ್ಟಿ ಅಂದ್ರೆ ಗಿರಾಕಿಗಳ ನಂಬರ್ ಕೂಡ. ಅವರನ್ನು ಯಾರೂ ಕೇಳಿರಲ್ಲ.

ಯಾವುದಕ್ಕೆ ಏನು ಬೇಕು?

ಆ್ಯಪ್ ಮಾಡುವ ಕೆಲಸಕ್ಕೆ ಅದು ಕೇಳಿದ್ದು ಬೇಕೇ ಅಂತ ನೋಡಿ. ಕ್ಯೂಆರ್ ಸ್ಕ್ಯಾನ್‌ಗೆ ಕ್ಯಾಮೆರಾ ಬೇಕು. ಯುಪಿಐ ಆ್ಯಪ್ ಎಸ್ಸೆಮ್ಮೆಸ್ ಕೇಳುವುದಕ್ಕೂ ಕಾರಣ ಇದೆ: ಬ್ಯಾಂಕಿಗೆ ಕೊಟ್ಟ ಸಿಮ್ ಇದೇ ಫೋನಲ್ಲಿದೆಯೇ ಅಂತ ನೋಡಲು ಅದು ನಿಮ್ಮ ಫೋನಿಂದ ಒಂದು ಮೆಸೇಜ್ ಕಳಿಸುತ್ತೆ. ಆದರೆ ಟಾರ್ಚ್ ಆ್ಯಪ್, ಗೇಮ್, ವಾಲ್‌ಪೇಪರ್ ಆ್ಯಪ್ ಎಸ್ಸೆಮ್ಮೆಸ್ ಕೇಳಿದರೆ ಕೊಡಬೇಡಿ. ಬ್ಯಾಂಕಿನ ಒಟಿಪಿ ಬಂದು ಬೀಳುವುದು ಅಲ್ಲಿಗೇ.

ಸಾಲದ ಆ್ಯಪ್‌ಗೆ ಆರ್‌ಬಿಐ ನಿಯಮ

ಕಂತು ತಡವಾದರೆ ನೆಂಟರಿಗೆ, ಪರಿಚಯದವರಿಗೆ ಫೋನ್ ಮಾಡಿ ಮರ್ಯಾದೆ ತೆಗೆಯುವ ಸಾಲದ ಆ್ಯಪ್‌ಗಳು ಬಳಸೋದು ಇದೇ ಕಾಂಟ್ಯಾಕ್ಟ್ ಪಟ್ಟಿಯನ್ನ. ಆರ್‌ಬಿಐನ ಡಿಜಿಟಲ್ ಸಾಲದ ನಿಯಮದ ಪ್ರಕಾರ, ಬ್ಯಾಂಕ್ ಮತ್ತು ಎನ್‌ಬಿಎಫ್‌ಸಿಗಳ ಸಾಲದ ಆ್ಯಪ್‌ಗಳು ಫೈಲ್, ಫೋಟೊ, ಕಾಂಟ್ಯಾಕ್ಟ್, ಕಾಲ್ ಲಾಗ್ ಮುಟ್ಟುವಂತಿಲ್ಲ. ಕೆವೈಸಿಗೆ ಅಗತ್ಯವಿದ್ದರೆ ಕ್ಯಾಮೆರಾ, ಮೈಕ್, ಲೊಕೇಶನ್‌ನಂಥವು ಮಾತ್ರ, ಅದೂ ಒಂದು ಸಲ, ನಿಮ್ಮ ಸ್ಪಷ್ಟ ಒಪ್ಪಿಗೆ ಪಡೆದು. ಕಾಂಟ್ಯಾಕ್ಟ್ ಕೊಟ್ಟರೆ ಮಾತ್ರ ಸಾಲ ಅನ್ನುವ ಆ್ಯಪ್ ಸಿಕ್ಕರೆ ಅಲ್ಲಿಗೇ ಬಿಟ್ಟುಬಿಡಿ.

ಎಲ್ಲಕ್ಕಿಂತ ದೊಡ್ಡ ಕೀ

ಮೂರನೇ ಬಗೆಯ ಆ್ಯಕ್ಸೆಸಿಬಿಲಿಟಿ ಇರುವುದು ಅಂಗವಿಕಲರ ಅನುಕೂಲಕ್ಕೆ. ಇದು ಸಿಕ್ಕಿದ ಆ್ಯಪ್ ಸ್ಕ್ರೀನ್ ಮೇಲೆ ಇರೋದನ್ನ ಓದಬಹುದು, ನಿಮ್ಮ ಪರವಾಗಿ ಬಟನ್ ಕೂಡ ಒತ್ತಬಹುದು. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಅಂತ ಬರುವ ಎಪಿಕೆ ಫೈಲ್‌ಗಳು ಇದನ್ನೋ ಎಸ್ಸೆಮ್ಮೆಸ್ಸನ್ನೋ ಕೇಳುತ್ತವೆ. ಗೊತ್ತಿರುವವರ ನಂಬರಿಂದ ಬಂದರೂ ತೆರೆಯಬೇಡಿ. ಅವರ ಫೋನೂ ಹೀಗೇ ಕೈತಪ್ಪಿರಬಹುದು.

ಈಗಲೇ ನೋಡಿಕೊಳ್ಳಿ

* ಸೆಟ್ಟಿಂಗ್ಸ್‌ನಲ್ಲಿ ‘ಪರ್ಮಿಷನ್ ಮ್ಯಾನೇಜರ್’ ಹುಡುಕಿ. ಎಸ್ಸೆಮ್ಮೆಸ್, ಕಾಂಟ್ಯಾಕ್ಟ್, ಮೈಕ್ ಯಾವ ಆ್ಯಪ್‌ಗಳ ಹತ್ತಿರ ಇದೆ ಅಂತ ಕಾಣುತ್ತೆ. ಬೇಡದ್ದಕ್ಕೆ ‘ಡೋಂಟ್ ಅಲೌ’ ಕೊಡಿ.
* ಆಂಡ್ರಾಯ್ಡ್ 11ರಿಂದ ಕ್ಯಾಮೆರಾ, ಮೈಕ್, ಲೊಕೇಶನ್‌ಗೆ ‘ಓನ್ಲಿ ದಿಸ್ ಟೈಮ್’ ಆಯ್ಕೆ ಇದೆ. ಅನುಮಾನ ಇದ್ದಾಗ ಅದನ್ನೇ ಒತ್ತಿ.
* ಆಂಡ್ರಾಯ್ಡ್ 12ರಿಂದ ಕ್ಯಾಮೆರಾ ಅಥವಾ ಮೈಕ್ ಓಡುತ್ತಿದ್ದರೆ ಮೇಲೆ ಬಲ ಮೂಲೆಯಲ್ಲಿ ಹಸಿರು ಗುರುತು ಬರುತ್ತೆ. ನೀವು ಬಳಸದೇ ಇದ್ದಾಗ ಅದು ಕಂಡರೆ ಯಾವ ಆ್ಯಪ್ ಅಂತ ನೋಡಿ.
* ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.