ಮೀನಿನ ಭ್ರೂಣದಲ್ಲಿ ಕೋಶಗಳ ಚಲನೆ

ಭಾರತ ಉಪಖಂಡದ ತೊರೆಗಳ ಪುಟ್ಟ ಜೀಬ್ರಾಮೀನು ಜರ್ಮನಿಯ ಪ್ರಯೋಗಶಾಲೆಗಳಲ್ಲಿ ಭ್ರೂಣಶಾಸ್ತ್ರದ ಪಠ್ಯವೇ ಆಗಿದೆ. ಫಲಿತಗೊಂಡ ಸುಮಾರು 4 ಗಂಟೆಗಳ ಬಳಿಕ, ಆಹಾರ ತುಂಬಿದ ಪೀತಕಗೋಳದ ನೆತ್ತಿಯ ಮೇಲೆ ಗುಪ್ಪೆಯಾಗಿದ್ದ ಜೀವಕೋಶಗಳು ಹರಡತೊಡಗಿ, 10ನೆಯ ಗಂಟೆಗೆ ಗೋಳವನ್ನು ಪೂರ್ತಿ ಹೊದಿಸುತ್ತವೆ. ಅರ್ಧ ಹೊದಿಸಿದಾಗಲೇ ಅಂಚಿನವು ಒಳಸೇರುತ್ತವೆ. ಪಕ್ಕದವು ಬೆನ್ನಿನ ಕಡೆಗೆ ಒತ್ತಿ ಬರುವುದರಿಂದ ದೇಹವು ಕಿರಿದಾಗಿ ನೀಳವಾಗುತ್ತದೆ.

ಟ್ಯೂಬಿಂಗನ್ನಿನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಅವರ ತಂಡವು 1996ರಲ್ಲಿ ವರ್ಣಿಸಿದ ವಿಕೃತಿಗಳಲ್ಲಿ ಒಂದರ ಹೆಸರು ‘ಜಿಲ್ಬರ್‌ಬ್ಲಿಕ್’, ಅಂದರೆ ತುಸು ಮೆಳ್ಳೆಗಣ್ಣು. ಹೆಸರು ವಿನೋದದ್ದಾದರೂ ದೋಷ ಸಣ್ಣದಲ್ಲ: ಎರಡೂ ಕಣ್ಣುಗಳು ಹತ್ತಿರ ಸರಿದು ಕೆಲವೊಮ್ಮೆ ಬೆಸೆದುಕೊಳ್ಳುತ್ತವೆ. ಮೂಲ ಕಾರಣ ಕಣ್ಣಿನಲ್ಲಿಲ್ಲ. ನಡುರೇಖೆಯ ಒಳಪದರದ ಕೋಶಗಳು ಸಕಾಲಕ್ಕೆ ಮುಂದೆ ಸಾಗದಿರುವುದರಿಂದ, ಮೊದಲು ಒಂದೇ ಆಗಿರುವ ಕಣ್ಣಿನ ಕ್ಷೇತ್ರವು ಸರಿಯಾಗಿ ಇಬ್ಭಾಗವಾಗುವುದಿಲ್ಲ. ಈ ವಿಕೃತಿಯಲ್ಲಿ ಕೆಟ್ಟಿರುವುದು ‘ವಿಂಟ್-11’ ಎಂಬ ಸಂಕೇತ ಪ್ರೋಟೀನಿನ ಜೀನು ಎಂದು 2000ದಲ್ಲಿ ಕಾರ್ಲ್-ಫಿಲಿಪ್ ಹೈಸನ್‌ಬರ್ಗ್ ಮತ್ತು ಸಂಗಡಿಗರು ತೋರಿಸಿದರು.