ಭೀಮೆಯ ಈ ದಂಡೆ, ಆ ದಂಡೆ

ಇಂಡಿ, ಸಿಂದಗಿ ಕಡೆಯವರಿಗೆ ಭೀಮಾ ನದಿ ದಾಟುವುದು ದೊಡ್ಡ ಮಾತಲ್ಲ. ಆಚೆ ದಂಡೆಗೆ ಅಫಜಲಪುರ ತಾಲ್ಲೂಕು. ಅದೇ ಜೋಳ, ಅದೇ ತೊಗರಿ, ಬೀಗತನವೂ ಉಂಟು. ಆದರೆ ಡಿಗ್ರಿ ಮುಗಿಸಿ ನೌಕರಿಗೆ ಅರ್ಜಿ ಹಾಕಲು ಕುಳಿತಾಗ ಈ ದಂಡೆಯ ಹುಡುಗ ಬೇರೆ, ಆ ದಂಡೆಯ ಹುಡುಗ ಬೇರೆ.

ಕಾರಣ ಹಳೆಯದು. ನಮ್ಮ ಬಿಜಾಪುರ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, ಅಫಜಲಪುರ ನಿಜಾಮನ ಹೈದರಾಬಾದಿನಲ್ಲಿ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಬಡತನ ಮಾತ್ರ ಮೊದಲಿನಿಂದಲೂ ಒಂದೇ ಇತ್ತು.

ದುಡಿಯಾಕ ಊರು ಬಿಡುವುದೂ ಹೊಸದಲ್ಲ. 1884ರಲ್ಲಿ ಹೋಟಗಿ–ಗದಗ ರೈಲು ಶುರುವಾದ ಮೇಲೆ ಸೊಲ್ಲಾಪುರ ಹತ್ತಿರವಾಯಿತು. ಆಮೇಲೆ ಮಹಾರಾಷ್ಟ್ರದ ಕಬ್ಬಿನ ಗದ್ದೆ, ಗೋವಾ, ಮಂಗಳೂರು, ಬೆಂಗಳೂರು. ಅಪ್ಪ ಗಂಟು ಹೊತ್ತು ಹೋದ ದಾರಿಯಲ್ಲೇ ಈಗ ಮಗ ಮಾರ್ಕ್ಸ್ ಕಾರ್ಡಿನ ಫೈಲ್ ಹಿಡಿದು ಹೊರಟಿದ್ದಾನೆ.

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಇದ್ದವು. ಬಾಗೇವಾಡಿಯ ಹೆಸರು ನೋಡಿ ನನಗೆ ಬಹಳ ಸಂಕಟವಾಗಿತ್ತು. ಆಲಮಟ್ಟಿ ಆಣೆಕಟ್ಟು ಕಟ್ಟಿದ್ದು ಆ ತಾಲ್ಲೂಕಿನಲ್ಲೇ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದರು. 38 ವರ್ಷ ಕಳೆದರೂ ನೀರು ನಿಂತ ನೆಲವೇ ಕೊನೆಯ ಸಾಲಿನಲ್ಲಿ! ಎಂಟು ವರ್ಷದಲ್ಲಿ 31 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಿ ಎಂದು ಸಮಿತಿ ಹೇಳಿತು. ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗುವಷ್ಟರಲ್ಲಿ 2007 ಬಂದಿತ್ತು.

ಮುಂದೆ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ, 2013ರಲ್ಲಿ 371ಜೆ ಜಾರಿಗೆ ಬಂತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಯ ಸ್ಥಳೀಯರಿಗೆ ಆ ಭಾಗದ 'ಸಿ' ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80, 'ಡಿ' ಗುಂಪಿನಲ್ಲಿ 85 ಮೀಸಲು. ಅವರಿಗೆ ಸಿಕ್ಕಿದ್ದು ನ್ಯಾಯವೇ, ಹೊಟ್ಟೆಕಿಚ್ಚಿನ ಮಾತಲ್ಲ ಇದು. ಅಫಜಲಪುರವೂ ಅದೇ 39ರ ಪಟ್ಟಿಯಲ್ಲಿತ್ತು. ಅವರಿಗೆ ಮೀಸಲು ಸಿಕ್ಕಿತು, ನಮಗೆ ಸಿಗಲಿಲ್ಲ. ಯಾಕೆಂದು ಕೇಳಿದರೆ "ನೀವು ನಿಜಾಮನ ಕಡೆಯವರಲ್ಲ" ಅನ್ನುತ್ತಾರೆ. ಹಾಗಾದರೆ ಬಳ್ಳಾರಿ? ಅದು ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರಿಗೆ ಬಂದ ಜಿಲ್ಲೆ.

ಈ ನಡುವೆ ನಮ್ಮ ನಾಲ್ಕು ತಾಲ್ಲೂಕು ಒಡೆದು ಹತ್ತಾಗಿವೆ. ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳಿಗೂ ತಹಸೀಲ್ದಾರರು ಬಂದಿದ್ದಾರೆ. ತಾಳಿಕೋಟೆಯ ಹುಡುಗಿ ಪಕ್ಕದ ಹುಣಸಗಿಯ ಗೆಳತಿಯ ಜೊತೆ ಕೂತು ಒಂದೇ ಪುಸ್ತಕ ಓದುತ್ತಾಳೆ. ಅರ್ಜಿಯಲ್ಲಿ 371ಜೆ ಕಾಲಂ ಬಂದಾಗ ಇವಳು 'ಇಲ್ಲ' ಒತ್ತುತ್ತಾಳೆ.