ಅಂಗಳದಲ್ಲಿ ಆಡಬಾರದ ಮಾತು

ವೈದ್ಯಶಿಕ್ಷಣವು ಆಸ್ಪತ್ರೆಯ ಗೋಡೆಯಾಚೆಗೂ ನಡೆಯಬೇಕೆಂಬ ವಿಚಾರ ನಮ್ಮಲ್ಲಿ ಹೊಸದಲ್ಲ. 1946ರ ಭೋರ್ ಸಮಿತಿಯ ವರದಿ ಪ್ರತಿ ವಿದ್ಯಾರ್ಥಿಗೂ ರೋಗನಿವಾರಕ ಹಾಗೂ ಸಾಮಾಜಿಕ ವೈದ್ಯದಲ್ಲಿ ಮೂರು ತಿಂಗಳ ತರಬೇತಿ ಬೇಕೆಂದಿತು. 1977ರ ಯೋಜನೆಯೊಂದು ವೈದ್ಯಕೀಯ ಕಾಲೇಜುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳೊಡನೆ ಬೆಸೆಯಿತು. ಹಳ್ಳಿಗೆ ಹೋಗಿರೆಂದು ವರದಿಗಳು ಹೇಳಿದವು. ಹಳ್ಳಿಯ ಅಂಗಳದಲ್ಲಿ ಹೇಗೆ ನಿಲ್ಲಬೇಕೆಂಬುದನ್ನು ಜೊತೆಗೆ ಹೋದ ಮೇಷ್ಟರೇ ಹೇಳಿಕೊಡಬೇಕಾಗಿತ್ತು. ನಾನು ಆ ಮೇಷ್ಟರಲ್ಲೊಬ್ಬ. ನಾನು ಹೇಳಿಕೊಡದೆ ಬಿಟ್ಟ ಪಾಠವೊಂದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಂದ ಜಹಗೀರು. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ತಾಲ್ಲೂಕಾಗಿರುವ ಹನೂರು ಅಂದು ಕೊಳ್ಳೇಗಾಲದ ಭಾಗ. ಆಳಿಕೆ ಬೇರೆಯಾದರೂ ಹೆಣ್ಣು ಕೊಟ್ಟು ತರುವ ನಂಟು ಒಂದೇ. ರೋಗಕ್ಕೂ ಗಡಿಯಿರಲಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಡಾ. ಎಚ್. ಸುದರ್ಶನ್ ಅವರು 1986ರಲ್ಲಿ ಕರುಣಾ ಟ್ರಸ್ಟನ್ನು ಆರಂಭಿಸಿದ್ದು ಯಳಂದೂರು ಸೀಮೆಯ ಕುಷ್ಠರೋಗವನ್ನು ಎದುರಿಸಲೆಂದೇ.

ಅದಾದ ಎರಡು ವರ್ಷಕ್ಕೆ ಆ ಸೀಮೆಯ ಹಳ್ಳಿಯೊಂದಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದೆ. ಮಚ್ಚೆಯನ್ನು ಗುರುತಿಸುವುದನ್ನೂ, ಹತ್ತಿಯೆಳೆ ಸೋಕಿಸಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುವುದನ್ನೂ ಕಲಿಸಿದ್ದೆ. ಬಾಣಂತನ ಮುಗಿಸಿದ್ದ ಹೆಣ್ಣುಮಗಳೊಬ್ಬಳ ತೋಳಿನಲ್ಲಿ ಒಬ್ಬ ಹುಡುಗ ಮಚ್ಚೆಯನ್ನು ಸರಿಯಾಗಿಯೇ ಕಂಡುಹಿಡಿದ. ಆ ಉತ್ಸಾಹದಲ್ಲಿ ರೋಗದ ಹೆಸರನ್ನು ಅಂಗಳದಿಂದಲೇ ನನಗೆ ಕೂಗಿ ಹೇಳಿದ. ಅತ್ತೆಗೆ ಕೇಳಿಸಿತು, ನೆರೆಯವರಿಗೂ ಕೇಳಿಸಿತು. ಮರುದಿನ ಹೋದರೆ ಆಕೆ ಇರಲಿಲ್ಲ. ಕೂಸಿನ ಸಮೇತ ಹನೂರಿನ ಕಡೆಯ ತವರಿಗೆ ಕಳುಹಿಸಿಬಿಟ್ಟಿದ್ದರು.

ಹುಡುಗ ಅತ್ತ. “ತಪ್ಪು ನಿನ್ನದಲ್ಲಪ್ಪ, ನನ್ನದು” ಎಂದೆ. ಅದು ಬರಿಯ ಸಮಾಧಾನದ ಮಾತಾಗಿರಲಿಲ್ಲ. ಇಬ್ಬರೂ ಆರೋಗ್ಯ ಸಹಾಯಕಿಯೊಡನೆ ಆ ತವರನ್ನು ಹುಡುಕಿಕೊಂಡು ಹೋದೆವು. ಆಕೆ ಬಾಗಿಲ ಮರೆಯಿಂದಲೇ, “ಗುಳಿಗೆ ನುಂಗ್ತೀನಿ ಸ್ವಾಮಿ, ಮನೆ ತಕೆ ಮಾತ್ರ ಬರಬ್ಯಾಡಿ” ಎಂದಳು. ತಿಂಗಳಿಗೊಮ್ಮೆ ಕಣ್ಣೆದುರೇ ನುಂಗಿಸಬೇಕಾದ ಗುಳಿಗೆಯನ್ನು ಆರು ತಿಂಗಳ ಕಾಲ ಅವಳಿಗೆ ಕೊಟ್ಟದ್ದು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ. ಮೊದಲ ಸಲ ನೀರಿನ ಲೋಟ ಹಿಡಿದು ನಿಂತವನು ಆ ಹುಡುಗನೇ. ಮಚ್ಚೆ ಮಾಸಿತು, ಗಂಡನ ಮನೆಯ ಬಾಗಿಲು ತೆರೆಯಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆ ಕರುಣಾ ಟ್ರಸ್ಟಿಗೆ ಬಂದಿತು. 2005ರ ಕೊನೆಗೆ ದೇಶದಲ್ಲಿ ಕುಷ್ಠದ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಅಂಕಿ ಇಳಿದಷ್ಟು ಬೇಗ ಅಂಜಿಕೆ ಇಳಿಯುವುದಿಲ್ಲ. ಅದಕ್ಕೇ, ವಿದ್ಯಾರ್ಥಿಗಳ ಕೈಗೆ ಹತ್ತಿಯೆಳೆ ಕೊಡುವ ಮುನ್ನ ಒಂದು ಮಾತು ಹೇಳುವುದು ನನಗೆ ರೂಢಿಯಾಯಿತು: ಕಂಡದ್ದನ್ನೆಲ್ಲ ಬರೆದುಕೊಳ್ಳಿ, ಅಂಗಳದಲ್ಲಿ ಮಾತ್ರ ಆಡಬೇಡಿ.